ಅಜ್ಜಿಯ ನಿದ್ದೆಯ ಗುಳಿಗೆ

ನಮ್ಮ ಮನೆಯಲ್ಲಿ ಡಾಕ್ಟರ ಬಳಿಗೆ ಹೋಗಿಬರುವ ಕೆಲಸ ನನ್ನದು. ಕಾಲೇಜಿನಲ್ಲಿ ನಾಲ್ಕಕ್ಷರ ಓದುತ್ತಿರುವವನು ಚೀಟಿಯ ಮೇಲಿನ ಆ ಇರುವೆಸಾಲನ್ನೂ ಓದಬಲ್ಲನೆಂದು ಮನೆಯವರ ನಂಬಿಕೆ. ಅದನ್ನು ಔಷಧದ ಅಂಗಡಿಯವನ ಹೊರತು ಬ್ರಹ್ಮನೂ ಓದಲಾರನೆಂಬ ಗುಟ್ಟನ್ನು ನಾನು ಈವರೆಗೆ ಬಿಟ್ಟುಕೊಟ್ಟಿಲ್ಲ.

ತಾತ ತೀರಿಕೊಂಡ ಮೇಲೆ ಅಜ್ಜಿಗೆ ನಿದ್ದೆ ದೂರವಾಯಿತು. ಡಾಕ್ಟರು ಆಲ್ಪ್ರಜೋಲಮ್ ಎಂಬ ಗುಳಿಗೆಯನ್ನು ರಾತ್ರಿಗೊಂದರಂತೆ, ಕೆಲವು ದಿನದ ಮಟ್ಟಿಗೆ ಎಂದು ಬರೆದುಕೊಟ್ಟರು. ಆ ಕೆಲವು ದಿನ ಎರಡು ವರ್ಷವಾಯಿತು. 30 ಗುಳಿಗೆ ಮೊದಮೊದಲು ತಿಂಗಳು ಬರುತ್ತಿತ್ತು. ಆಮೇಲೆ 25 ದಿನ. ಕಳೆದ ಶ್ರಾವಣದಲ್ಲಿ 17ನೆಯ ದಿನಕ್ಕೇ ಡಬ್ಬಿ ಬರಿದು. “ಹೋಗೋ ಮಗು, ಇನ್ನೊಂದು ಚೀಟಿ ಬರೆಸಿಕೊಂಡು ಬಾ. ಬಚ್ಚಲಲ್ಲಿ ಬಿದ್ದುಹೋಯ್ತು ಅಂತ ಹೇಳು” ಎಂದಳು. ಏಕಾದಶಿಯ ದಿನ ತೊಟ್ಟು ನೀರು ಮುಟ್ಟದ ಅಜ್ಜಿ ನನಗೆ ಸುಳ್ಳು ಹೇಳಿಕೊಟ್ಟದ್ದು ಅದೇ ಮೊದಲು.

ದವಾಖಾನೆಯಲ್ಲಿ ನನಗಿಂತ ಮುಂದೆ ಒಬ್ಬ ಮೇಷ್ಟರಿದ್ದರು. ಕಾಶಿಗೆ ಹೊರಟಿದ್ದೇನೆ, ರಕ್ತದೊತ್ತಡದ ಗುಳಿಗೆ ಎರಡು ತಿಂಗಳಿಗಾಗುವಷ್ಟು ಬೇಕು ಎಂದರು. ಡಾಕ್ಟರು ಮರುಮಾತಿಲ್ಲದೆ ಬರೆದರು. ಆಮೇಲೆ ಬಂದ ಸಕ್ಕರೆ ಕಾಯಿಲೆಯ ಸಾಹುಕಾರರು ಹತ್ತು ದಿನ ತಡಮಾಡಿದ್ದಕ್ಕೆ ಚೆನ್ನಾಗಿ ಗದರಿಸಿಕೊಂಡರು. ಇದನ್ನೆಲ್ಲ ನೋಡಿ, ಬೇಗ ಬಂದವನಿಗೆ ಭಯವಿಲ್ಲವೆಂದು ನಾನು ಧೈರ್ಯ ತಂದುಕೊಂಡೆ.

ಬಚ್ಚಲಿನ ಕಥೆಯನ್ನು ಡಾಕ್ಟರು ಪೂರ್ತಿ ಕೇಳಿದರು. ಹಳೆಯ ರಟ್ಟಿನ ಪುಸ್ತಕ ತೆಗೆದು ತಾರೀಖುಗಳ ಮೇಲೆ ಬೆರಳಾಡಿಸಿದರು. ಬಯ್ಯಲಿಲ್ಲ. “ಅಜ್ಜಿ ಈಚೆಗೆ ಎಲ್ಲಾದರೂ ಬಿದ್ದರೇನಯ್ಯಾ?” ಎಂದರು.

ಬಿದ್ದಿದ್ದಳು. ಹಿಂದಿನ ವಾರ ತುಳಸಿಕಟ್ಟೆಯ ಬಳಿ. ನಾವೆಲ್ಲ ಪಾಚಿಯನ್ನು ಬೈದು ಸುಮ್ಮನಾಗಿದ್ದೆವು. ಆಗ ನನ್ನ ಬಾಯಿಂದ ಎಲ್ಲವೂ ಹೊರಬಿತ್ತು: ಹಿಂದಿನ ತಿಂಗಳು ಹೀಗೇ ಕಡಮೆಯಾದಾಗ ಬಸ್ ನಿಲ್ದಾಣದ ಬಳಿಯ ಒಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಹತ್ತು ಗುಳಿಗೆ ತಂದದ್ದೂ ಸೇರಿ. 2014ರ ಮಾರ್ಚಿಯಿಂದ ಈ ಗುಳಿಗೆ ಎಚ್1 ಎಂಬ ಪಟ್ಟಿಯಲ್ಲಿದೆಯಂತೆ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಎಣಿಕೆ, ಇಷ್ಟನ್ನೂ ಅಂಗಡಿಯವನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನಾನು ತಂದ ಹತ್ತು ಯಾವ ಪುಸ್ತಕಕ್ಕೂ ಏರಿರಲಿಲ್ಲ. ಅಜ್ಜಿಗೆ ಉಪಕಾರ ಮಾಡಿದೆನೆಂದು ಅಂದು ಬೀಗಿದ್ದೆ!

ಸಂಜೆ ಡಾಕ್ಟರೇ ಮನೆಗೆ ಬಂದರು. ಗುಳಿಗೆಯ ಮಾತೆತ್ತದೆ, ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳಿದರು. ಎಂಟಕ್ಕೆ ಒಂದು ನುಂಗಿ ಮಲಗುವುದು, ಎರಡು ಗಂಟೆಗೆ ಎಚ್ಚರವಾದರೆ ಇನ್ನೊಂದು. ಕೆಲವು ಸಲ ನುಂಗಿದ್ದೇ ಮರೆತು ಮತ್ತೊಂದು. ಮೈ ಒಗ್ಗಿಕೊಂಡ ಮೇಲೆ ಅದೇ ಗುಳಿಗೆ ಸಾಲದಾಗುತ್ತದೆ, ಮುದಿವಯಸ್ಸಿನಲ್ಲಿ ಕಾಲು ತಪ್ಪಿಸುತ್ತದೆ, ನೆನಪನ್ನೂ ಮಸುಕು ಮಾಡುತ್ತದೆ ಎಂದರು. ಹಾಗಾದರೆ ಇಂದೇ ನಿಲ್ಲಿಸಿಬಿಡೋಣ ಎಂದರು ಅಪ್ಪ. ಕೂಡದು, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದೀತು. ತಿಂಗಳುಗಟ್ಟಲೆ ಚೂರು ಚೂರೇ ಇಳಿಸಬೇಕು ಎಂದು ಡಾಕ್ಟರು ತಡೆದರು. ಇನ್ನು ಮೇಲೆ ಒಮ್ಮೆಗೆ ಏಳೇ ದಿನದ ಗುಳಿಗೆ, ಒಂದೇ ಅಂಗಡಿಯಿಂದ, ಡಬ್ಬಿ ನಮ್ಮಮ್ಮನ ಕೈಯಲ್ಲಿ.

“ಗಂಡ ಹೋದವಳಿಗೆ ನಿದ್ದೆಯನ್ನೂ ಎಣಿಸಿ ಕೊಡ್ತೀರೇನು ಡಾಕ್ಟ್ರೇ?” ಎಂದಳು ಅಜ್ಜಿ. ಡಾಕ್ಟರು ಅದಕ್ಕೆ ಉತ್ತರ ಕೊಡಲಿಲ್ಲ. ಕಾಫಿ ಆರುವವರೆಗೂ ಅವಳ ಪಕ್ಕದಲ್ಲೇ ಕುಳಿತಿದ್ದರು.

ಈಗ ಅರ್ಧ ಗುಳಿಗೆಗೆ ಇಳಿದಿದ್ದೇವೆ. ಎರಡು ಗಂಟೆಗೆ ಅಜ್ಜಿ ಏಳುವುದು ತಪ್ಪಿಲ್ಲ. ಪರೀಕ್ಷೆಯ ಓದಿಗೆ ದೀಪ ಹಚ್ಚಿಕೊಂಡು ಕುಳಿತ ನನ್ನ ಬಳಿ ಬಂದು ಗೋಡೆಗೊರಗುತ್ತಾಳೆ. “ನಿಮ್ಮ ತಾತನ ಗೊರಕೆಗೆ ನಲವತ್ತು ವರ್ಷ ಬೈದೆ ಕಣೋ” ಎಂದಳು ಮೊನ್ನೆ. “ಈಗ ಅದಿಲ್ಲದೆ ಕಣ್ಣು ಹತ್ತೋದಿಲ್ಲ ನೋಡು.”