ಅರ್ಧ ಗೀಟು

ಡೀಸೆಲ್ ಪಂಪು ಬಿಚ್ಚಿದ ಮೇಲೆ ಇಂಜಿನ್ನಿನ ಮೈಮೇಲೆ ಅರ್ಧ ಗೀಟು ಕಂಡಿತು. ಅಪ್ಪ ಚಾಣ ಇಟ್ಟು ಹೊಡೆದದ್ದು. ಪಂಪಿನ ಮೇಲೆ ಅರ್ಧ, ಇಂಜಿನ್ನಿನ ಮೇಲೆ ಅರ್ಧ. ಎರಡೂ ಕೂಡಿದರೆ ಟೈಮಿಂಗ್ ಸರಿ. ಹದಿನಾಲ್ಕು ವರ್ಷ ಹುಣಸೆಮರದ ಕೆಳಗೆ ನಿಂತ ಗಾಡಿ. ಪಂಪಿನೊಳಗೆ ನೀರಿಳಿದು ತುಕ್ಕು ಹಿಡಿದಿತ್ತು. ದಾವಣಗೆರೆಯ ಗುಜರಿಯಲ್ಲಿ ಅಂಥದ್ದೇ ಮೈಕೋ ಪಂಪು ಸಿಕ್ಕಿತು, ಆದರೆ ಅದರ ಮೇಲೆ ಅಪ್ಪನ ಗೀಟಿಲ್ಲ.

ಗಾಡಿ ಎಚ್‌ಎಂಟಿ ಜೀಟರ್ 2511 ಟ್ರ್ಯಾಕ್ಟರ್. ಎರಡು ಸಿಲಿಂಡರು, 25 ಕುದುರೆ ಶಕ್ತಿ, ಹರಿಯಾಣದ ಪಿಂಜೋರಿನಲ್ಲಿ ತಯಾರಾದದ್ದು. 1978ರಲ್ಲಿ ಸಾಲ ಮಾಡಿ ತಂದರು. ಅಪ್ಪನ ಕೈಯಲ್ಲಿದ್ದ ಜನತಾ ಗಡಿಯಾರವೂ ಎಚ್‌ಎಂಟಿಯದೇ, ಬೆಂಗಳೂರಿನದು. ಬಾನೆಟ್ಟಿನ ಮೇಲೂ ಮಣಿಕಟ್ಟಿನ ಮೇಲೂ ಅವೇ ಮೂರು ಅಕ್ಷರ ಎಂದು ಅವರಿಗೆ ಭಾಳ ಹೆಮ್ಮೆ. ಗಡಿಯಾರದ ಕಂಪನಿ, ಟ್ರ್ಯಾಕ್ಟರ್ ವಿಭಾಗ ಎರಡನ್ನೂ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಪೇಪರಿನಲ್ಲಿ ಓದಿದ ದಿನ ಅಪ್ಪ ಮರದಡಿ ಹೋಗಿ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದರು. ಈಗ ಅವರೂ ಇಲ್ಲ.

ಭದ್ರಾ ನಾಲೆಗೆ ನೀರು ಬಿಟ್ಟರೆ ಊರೆಲ್ಲ ಕೆಸರು. ಕೇಜ್ ವೀಲ್ ಹಾಕಿಕೊಂಡು ಅಪ್ಪ ಹೊತ್ತು ಮುಳುಗುವವರೆಗೂ ಗದ್ದೆ ಕಲಸುತ್ತಿದ್ದರು. ನಾಲೆ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದ್ದೇ ತಡ, ಅವ್ವ ಹಿಟ್ಟಿಗೆ ಕೈಹಾಕಿ ರೊಟ್ಟಿ ತಟ್ಟಲು ಕೂರುತ್ತಿದ್ದಳು. ಬೇರೆಯವರ ಟ್ರ್ಯಾಕ್ಟರ್ ಬಂದರೆ ತಲೆಯೂ ಎತ್ತುತ್ತಿರಲಿಲ್ಲ.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ. ಅದು ಮೇಲ್ತುದಿ ಮುಟ್ಟುವ ತುಸು ಮೊದಲು ಎಣ್ಣೆ ಚಿಮ್ಮಬೇಕು. ಬೇಗ ಚಿಮ್ಮಿದರೆ ಸುತ್ತಿಗೆ ಬಡಿದಂತೆ ಬಡಿತ, ತಡವಾದರೆ ಹೊಗೆ, ಕೆಸರಲ್ಲಿ ಎಳೆತ ಇರುವುದಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೂತು ನೋಡಿದ ಹಾಗೇ ಮಾಡಿದೆ. ಒಂದನೇ ಸಿಲಿಂಡರಿನ ಪೈಪು ಬಿಚ್ಚಿ, ಡೆಲಿವರಿ ವಾಲ್ವ್ ತೆಗೆದಿಟ್ಟು, ಬಾಗಿದ ಸಣ್ಣ ಪೈಪು ಕೂರಿಸಿದೆ. ಎಣ್ಣೆ ಧಾರೆಯಾಗಿ ಬಿತ್ತು. ಫ್ಲೈವೀಲನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಧಾರೆ ದಾರವಾಗುತ್ತದೆ, ದಾರ ಕಡಿದು ಹನಿಯಾಗುತ್ತದೆ. ಪೈಪಿನ ತುದಿಯಲ್ಲಿ ಹನಿ ಉಬ್ಬಿ, ಬಿಸಿಲಿಗೆ ಜೇನಿನಂತೆ ಹೊಳೆದು, ಬೀಳಲೋ ಬೇಡವೋ ಎಂದು ತೂಗಾಡುತ್ತ ನಿಲ್ಲುತ್ತದೆ. "ಉಸಿರು ಬಿಡಬ್ಯಾಡ ಮಗಾ, ಎಣಿಸು" ಎನ್ನುತ್ತಿದ್ದರು ಅಪ್ಪ. ಅವರ ಗಡಿಯಾರಕ್ಕೆ ಕೀಲಿ ಕೊಟ್ಟು ಮಡ್‌ಗಾರ್ಡ್ ಮೇಲೆ ಇಟ್ಟುಕೊಂಡಿದ್ದೆ. ಹತ್ತು ಸೆಕೆಂಡಿಗೊಂದು ಹನಿ. ಅಲ್ಲಿ ಫ್ಲೈವೀಲಿನ ಗುರುತು ಎಷ್ಟು ತಪ್ಪಿದೆ ನೋಡಿ, ಅದಕ್ಕೆ ತಕ್ಕಷ್ಟು ಪಂಪನ್ನು ಹೊರಳಿಸಿ ನಟ್ಟು ಬಿಗಿದೆ. ಎಲ್ಲ ಮತ್ತೆ ಜೋಡಿಸಿ, ಏರ್ ತೆಗೆದು ಸ್ಟಾರ್ಟ್ ಮಾಡಿದೆ.

ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಹತ್ತಿಕೊಂಡಿತು. ನನ್ನ ಕಣ್ಣು ತುಂಬಿದವು.

ಅವ್ವ ಹೊಸ್ತಿಲಿಗೆ ಬಂದು ನಿಂತಳು. ಸೆರಗು ಕಿವಿಯಿಂದ ಹಿಂದಕ್ಕೆ ಸರಿಸಿ ಕೇಳಿದಳು.

"ಇದಲ್ಲಪ್ಪ. ಇದು ಗಡಸು ಐತಿ. ಅವರದ್ದು ಇಷ್ಟು ಬಡೀತಿರಲಿಲ್ಲ."

ಹನಿ ಎಣಿಸಿದ್ದೇನಲ್ಲ ಎನ್ನಬೇಕೆನಿಸಿತು. ಅನ್ನಲಿಲ್ಲ. ಇಂಜಿನ್ ನಿಲ್ಲಿಸಿ, ನಟ್ಟು ಸಡಿಲಿಸಿ, ಪಂಪನ್ನು ಉಗುರಿನ ದಪ್ಪದಷ್ಟು ತಡವಾಗುವ ಕಡೆಗೆ ಸರಿಸಿದೆ. ಮತ್ತೆ ಸ್ಟಾರ್ಟ್ ಮಾಡಿದೆ. ಬಡಿತ ಇಳಿದು ಮೆತ್ತಗೆ ಗುಡುಗಿದಂತಾಯಿತು. ಹೊಸ್ತಿಲ ಕಡೆ ತಿರುಗಿದರೆ ಅವ್ವ ಇರಲಿಲ್ಲ. ಬೇಸರವಾಯಿತೇನೋ ಎಂದುಕೊಂಡು ಆಕ್ಸಿಲರೇಟರ್ ಇಳಿಸಿದೆ.

ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳಿತು.

ನಾನು ಇಂಜಿನ್ ಆರಿಸಿ, ಅಪ್ಪನ ಪೆಟ್ಟಿಗೆಯಲ್ಲಿ ಚಾಣ ಹುಡುಕಿದೆ.