ಮರಿ ಇದೆಯಾ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ



ಹೋದ ವಾರ ಬೋರ್ಡೋ ಹೊಡೆಯುವ ಫೋಟೋ ಹಾಕಿದ್ದೆ. ಆ ಫೋಟೋದ ಮೂಲೆಯಲ್ಲಿ ನಮ್ಮ ಪುಟ್ಟಿ ಜಗಲಿ ಮೇಲೆ ಕೂತಿತ್ತು. ಬೋರ್ಡೋ ಬಗ್ಗೆ ಕೇಳಿದವರು ಇಬ್ಬರು. ನಾಯಿ ಬಗ್ಗೆ ಕೇಳಿದವರು 17 ಜನ. ಯಾವ ಜಾತಿ, ಎಷ್ಟು ರೇಟು, ಮರಿ ಇದೆಯಾ, ಮರಿ ಹಾಕಿಸಿ ಮಾರಿದರೆ ಎಷ್ಟು ಸಿಗುತ್ತದೆ. ಕೊನೇ ಪ್ರಶ್ನೆ ಕೇಳಿದವರೇ ಜಾಸ್ತಿ. ಎಲೆಚುಕ್ಕಿ ಬಂದ ಮೇಲೆ ನಮ್ಮ ಕಡೆ ಎಲ್ಲರಿಗೂ ಬೇರೆ ಆದಾಯದ ಯೋಚನೆ ಶುರುವಾಗಿದೆ, ತಪ್ಪಲ್ಲ. ನಾನೂ ಅದೇ ಯೋಚನೆ ಮಾಡಿದವನೇ. ಮಾಡಿ ಏನಾಯಿತು ಅಂತ ಇವತ್ತು ಬರೆಯುತ್ತೇನೆ. ಒಂಚೂರು ಉದ್ದ ಆಗುತ್ತದೆ, ಮಳೆ ಇದೆ, ಕೂತು ಓದಿ.

ಪುಟ್ಟಿ ಚಿವಾವಾ ಜಾತಿ. ಮೆಕ್ಸಿಕೋ ದೇಶದಲ್ಲಿ ಚಿವಾವಾ ಅಂತ ಒಂದು ರಾಜ್ಯ ಇದೆ, ಅಲ್ಲಿಂದ ಆ ಹೆಸರು. ದೊಡ್ಡದಾದರೂ 3 ಕಿಲೋ ಒಳಗೇ ಇರುವ ನಾಯಿ. ಮಗ ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿ ತಗೊಂಡದ್ದು. ಅಂಗಡಿಯವರು "ಟೀ ಕಪ್" ಅಂತ ಹೇಳಿ ಇನ್ನೂ ಹೆಚ್ಚು ದುಡ್ಡು ತಗೊಂಡಿದ್ದರು. ಆಮೇಲೆ ಗೊತ್ತಾಯಿತು, ಟೀ ಕಪ್ ಅನ್ನುವುದು ಜಾತಿಯೇ ಅಲ್ಲ, ಬರೀ ಮಾರುವವರ ಮಾತು. ಬಾಡಿಗೆ ಮನೆ ಓನರ್ ನಾಯಿ ಆಗೋದಿಲ್ಲ ಅಂದರು. ಹೋದ ವರ್ಷ ಆಷಾಢದಲ್ಲಿ ಮಗ ಅದನ್ನು ಶೂ ಡಬ್ಬದಲ್ಲಿಟ್ಟು ಇಲ್ಲಿಗೆ ತಂದ. ಮೂರು ತಿಂಗಳ ಮರಿ. ತರಕಾರಿ ತಕ್ಕಡಿಯಲ್ಲಿ ಇಟ್ಟೆ, 640 ಗ್ರಾಂ. ನಮ್ಮ ತೋಟದ ಒಂದು ಎಳನೀರು ಇದರ ಎರಡರಷ್ಟು ತೂಗುತ್ತದೆ.

ನಮ್ಮ ಮನೆಯಲ್ಲಿ ನಾಯಿ ಹೊಸದಲ್ಲ. ಕಾಳ ಅಂತ ಊರು ನಾಯಿ ಇದೆ, ಒಂಬತ್ತು ವರ್ಷ ಆಯಿತು. ರಾತ್ರಿ ಒಂದು ಹೊತ್ತು ಉಳಿದ ಅನ್ನ, ಮಜ್ಜಿಗೆ. ಅದಕ್ಕೆ ಒಂದು ದಿನವೂ ಹುಷಾರು ತಪ್ಪಿಲ್ಲ. ಹಾಗಾಗಿ ಪುಟ್ಟಿಗೂ ಅದೇ ಲೆಕ್ಕ ಹಾಕಿದೆವು. ಹೊಟ್ಟೆ ಚಿಕ್ಕದು, ಚಿಕ್ಕ ತಟ್ಟೆ ಇಟ್ಟರೆ ಸಾಕು ಅಂತ.

ಐದನೇ ದಿನ ಬೆಳಿಗ್ಗೆ ಹಾಲು ಕರೆದು ಬರುವಾಗ ಮನೆಯವಳು ಕೂಗಿದಳು. ಮರಿ ಬಟ್ಟೆ ಮುದ್ದೆ ಹಾಗೆ ಬಿದ್ದಿತ್ತು. ಮೈ ತಣ್ಣಗೆ, ಒಸಡು ಬೆಳ್ಳಗೆ, ಕತ್ತು ನಿಲ್ಲುತ್ತಿರಲಿಲ್ಲ. ಸತ್ತೇ ಹೋಯಿತು, ಮಗನಿಗೆ ಏನು ಹೇಳೋದು ಅಂತ ಅವಳು ಅಳುತ್ತಾ ಕೂತಳು. ನಾನು ದನಕ್ಕೆ ಬರುವ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು, "ರಾತ್ರಿ ಎಷ್ಟು ಹೊತ್ತಿಗೆ ಊಟ ಹಾಕಿದ್ದು?" ಏಳು ಗಂಟೆ ಅಂದೆ. "ಜೋನಿ ಬೆಲ್ಲ ಇದೆಯಾ? ಬೆರಳಲ್ಲಿ ಅದ್ದಿ ಒಸಡಿಗೆ ಸವರಿ. ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಬೆಚ್ಚಗೆ ಸುತ್ತಿ ಇಟ್ಟುಕೊಳ್ಳಿ."

ಸವರಿದೆ. ಐದು ನಿಮಿಷ ಏನೂ ಇಲ್ಲ. ಮತ್ತೆ ಸವರಿದೆ. ಹತ್ತು ನಿಮಿಷಕ್ಕೆ ನಾಲಿಗೆ ಆಡಿತು. ಅರ್ಧ ಗಂಟೆಗೆ ಎದ್ದು ನಿಂತಿತು ಮಾರಾಯ್ರೆ! ಆಮೇಲೆ ಡಾಕ್ಟ್ರು ಬಂದು ನೋಡಿ ವಿವರ ಹೇಳಿದರು. ಇಷ್ಟು ಚಿಕ್ಕ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಇಲ್ಲ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಹೊರಗೆ ಹೋಗುತ್ತದೆ, ಉರಿಯಲು ಸೌದೆ ಹೆಚ್ಚು ಬೇಕು. ಹನ್ನೆರಡು ಗಂಟೆ ಖಾಲಿ ಹೊಟ್ಟೆ, ಮೇಲೆ ಆಷಾಢದ ಚಳಿ. ರಕ್ತದಲ್ಲಿ ಸಕ್ಕರೆ ಬಿದ್ದು ಹೋಗಿದೆ. ನೋಡುವುದು ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು.

ಅವತ್ತಿಂದ ಪದ್ಧತಿ ಬದಲಾಯಿತು. ಮರಿಗೆ ದಿನಕ್ಕೆ ಐದು ಸಲ, ಮಲಗುವ ಮುಂಚೆ ಒಂದು ಸಲ ಕಡ್ಡಾಯ. ಮರಿ ಫುಡ್ ಬಿಸಿ ನೀರಲ್ಲಿ ನೆನೆಸಿ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಅನ್ನ. ಹಸುವಿನ ಹಾಲು ಕೊಟ್ಟರೆ ಭೇದಿ ಆಗುತ್ತಿತ್ತು, ಬಿಟ್ಟೆವು.

ಈಗ ತೋಟದ ಮನೆಯವರು ಗಮನಿಸಬೇಕಾದ್ದು. ದೊಡ್ಡ ನಾಯಿಗೆ ಒಂದು ತುಣುಕಿನಲ್ಲಿ ಏನೂ ಆಗದ ಪದಾರ್ಥ ಒಂದೂವರೆ ಕಿಲೋ ನಾಯಿಗೆ ವಿಷ. ತೂಕದ ಲೆಕ್ಕ ಅಷ್ಟೆ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಒಡೆಯುತ್ತವೆ. ಕೋಳಿ ಸಾರಿನ ಅನ್ನ ಅಂತ ಪ್ರೀತಿಯಿಂದ ಹಾಕುತ್ತೇವಲ್ಲ, ಅದರಲ್ಲಿ ಅರ್ಧ ಈರುಳ್ಳಿಯೇ.
ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಹೊಡೆತ. ಹಬ್ಬದ ದಿನ ಪಾಯಸ ನೆಕ್ಕಿಸಬೇಡಿ.
ಚಾಕಲೇಟು ಆಗುವುದಿಲ್ಲ ಅಂತ ಪೇಟೆಯವರಿಗೆ ಗೊತ್ತು. ನಮ್ಮ ತೋಟದ ಕೋಕೋ ಬೀಜ, ಅದರ ಸಿಪ್ಪೆಯೂ ಅದೇ ವಿಷ. ಒಣಗಲು ಹಾಕಿದಲ್ಲಿ ಬಿಡಬೇಡಿ.
ಅಡಿಕೆ. ಹಿಂದೆ ಅಡಿಕೆಯಲ್ಲಿರುವ ಅಂಶದಿಂದಲೇ ನಾಯಿಯ ಲಾಡಿಹುಳಕ್ಕೆ ಭೇದಿ ಔಷಧಿ ಮಾಡುತ್ತಿದ್ದರಂತೆ. ಚಿಕ್ಕ ನಾಯಿ ಹಸಿ ಅಡಿಕೆ ಅಗಿದರೆ ಜೊಲ್ಲು, ವಾಂತಿ, ಭೇದಿ ಶುರು.
ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಕಾಳು. ಇದು ಎಲ್ಲಕ್ಕಿಂತ ಅಪಾಯ. ವಾಸನೆಗೆ ನಾಯಿ ತಾನಾಗೇ ಹೋಗಿ ತಿನ್ನುತ್ತದೆ, ತಿಂದರೆ ಫಿಟ್ಸ್ ಬರುತ್ತದೆ. ದೊಡ್ಡ ನಾಯಿಗಳೂ ಸಾಯುತ್ತವೆ.
ಜ್ವರಕ್ಕೆ, ನೋವಿಗೆ ನಾವು ನುಂಗುವ ಮಾತ್ರೆ ಕೊಡಲೇಬೇಡಿ. ದನದ ಉಣುಗಿಗೆ ಕಲಸಿದ ಔಷಧಿ ಉಳಿಯಿತು ಅಂತ ಅದನ್ನೇ ಇದಕ್ಕೆ ಸವರಬೇಡಿ. ಹುಳದ ಔಷಧಿಯೂ ತೂಕ ನೋಡಿಯೇ ಕೊಡಬೇಕು, ಅಂದಾಜಿಗಲ್ಲ.

ಮೈಕಟ್ಟೂ ಅಷ್ಟೇ ನಾಜೂಕು. ಪುಟ್ಟಿಯ ನೆತ್ತಿ ಇವತ್ತಿಗೂ ಕೂಡಿಲ್ಲ, ಹಸುಗೂಸಿನ ನೆತ್ತಿ ಹಾಗೆ ಮೆತ್ತಗೆ ಇದೆ. ಒಂದು ಏಟು ಬಿದ್ದರೆ ಮುಗಿಯಿತು. ಹಿಂಗಾಲಿನ ಮಂಡಿಚಿಪ್ಪು ಆಗಾಗ ಜಾರುತ್ತದೆ, ಮೂರು ಕಾಲಲ್ಲಿ ಕುಂಟಿ ಮತ್ತೆ ಸರಿಯಾಗುತ್ತದೆ. ಜಗಲಿಯಿಂದ ಹಾರಿದರೆ ಮುಂಗಾಲು ಮುರಿಯಬಹುದು, ಆ ತೆಳು ಮೂಳೆ ಬೇಗ ಕೂಡುವುದೂ ಇಲ್ಲ. ಕುತ್ತಿಗೆಗೆ ಬೆಲ್ಟು ಹಾಕಿ ಎಳೆದರೆ ಶ್ವಾಸನಾಳ ಅಮುಕುತ್ತದೆ, ಎದೆಗೆ ಹಾಕುವ ಪಟ್ಟಿ ತಂದೆವು. ಅಂಗಳದಲ್ಲಿ ಬಿಟ್ಟರೆ ಹದ್ದಿನ ಭಯ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ತಪ್ಪು ಈಗ ಹೇಳುತ್ತೇನೆ.

ದೀಪಾವಳಿ ಹೊತ್ತಿಗೆ ಪುಟ್ಟಿ ಮೊದಲ ಸಲ ಬೆದೆಗೆ ಬಂತು. ಏಳು ತಿಂಗಳು. ಪೇಟೆಯಲ್ಲಿ ನಾಯಿ ಮರಿ ವ್ಯಾಪಾರ ಮಾಡುವ ಹುಡುಗನೊಬ್ಬ ಮನೆಗೇ ಬಂದ. "ಅಣ್ಣಾ, ಗಂಡು ನಾನು ತರ್ತೀನಿ. ಒಂದು ಮರಿ ನನಗೆ, ಉಳಿದದ್ದು ನಿಮಗೆ. ಒಂದಕ್ಕೆ 25,000 ಎಲ್ಲೂ ಹೋಗಲ್ಲ." ಆ ವರ್ಷ ನಮ್ಮ ಮೂರು ಎಕರೆಯಲ್ಲಿ ಅರ್ಧ ಫಸಲು. ಸೊಸೈಟಿ ಸಾಲದ ಕಂತು ಎದುರಿಗಿತ್ತು. ಮಗನಿಗೆ ಹೇಳಲಿಲ್ಲ. ಮನೆಯವಳು ಬೇಡ ಅಂದಳು, ಕೇಳಲಿಲ್ಲ. ಅವನು ತಂದ ಗಂಡು ಪೊಮೇರಿಯನ್ ಬೆರಕೆ, ಪುಟ್ಟಿಯ ಎರಡರಷ್ಟಿತ್ತು.

ಇದನ್ನು ಬರೆಯುವಾಗ ನಾಚಿಕೆ ಆಗುತ್ತದೆ. ಯಾಕೆಂದರೆ ಇದೇ ತಪ್ಪನ್ನು ದನದಲ್ಲಿ ನಾನು ಯಾವತ್ತೂ ಮಾಡಿಲ್ಲ. ಕಡಸು ಮೊದಲ ಬೆದೆಗೆ ಬಂತು ಅಂತ ಯಾರಾದರೂ ಕೊಡಿಸುತ್ತಾರಾ? ಮೈ ತುಂಬಲಿ ಅಂತ ಕಾಯುತ್ತೇವೆ. ಮಲೆನಾಡು ಗಿಡ್ಡಕ್ಕೆ ಎಚ್‌ಎಫ್ ಇಂಜೆಕ್ಷನ್ ಕೊಡಿಸಿದರೆ ಕರು ದೊಡ್ಡದಾಗಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಹತ್ತು ಜನಕ್ಕೆ ಬುದ್ಧಿ ಹೇಳಿದವನು ನಾನು. ದುಡ್ಡಿನ ಆಸೆ ಬಂದರೆ ಗೊತ್ತಿರುವ ವಿದ್ಯೆಯೂ ಮರೆಯುತ್ತದೆ.

ನಾಯಿಗೆ ಸುಮಾರು 63 ದಿನ. ಸಂಕ್ರಾಂತಿಗೆ ಹತ್ತು ದಿನ ಮೊದಲು, ರಾತ್ರಿ. ಅಡಿಕೆ ಸುಲಿಯುವವರು ಅಂಗಳದಲ್ಲಿದ್ದರು, ನಾನು ಹಂಡೆ ಮುಂದೆ ಬೆಂಕಿ ನೋಡುತ್ತಿದ್ದೆ. ಎಂಟು ಗಂಟೆಗೆ ಮನೆಯವಳು ಬಂದು, ಅದು ಮುಕ್ಕುತ್ತಾ ಇದೆ ಬನ್ನಿ ಅಂದಳು. ಈ ಹಂಡೆ ಇಳಿಸಿ ಬರುತ್ತೇನೆ ಅಂದೆ. ಆ ಹಂಡೆ ಇಳಿಯಿತು, ಇನ್ನೊಂದು ಏರಿತು. ನಾನು ಒಳಗೆ ಹೋಗಿದ್ದು ಹತ್ತೂವರೆಗೆ. ಹಸಿರು ಬಣ್ಣದ ನೀರು ಹೋಗಿತ್ತು, ಮರಿ ಬಂದಿರಲಿಲ್ಲ. ಪುಟ್ಟಿ ನನ್ನ ಮುಖ ನೋಡಿತು. ಆ ನೋಟ ಈಗಲೂ ಮರೆತಿಲ್ಲ.

ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಮನೆಯವಳು ಒಂದು ಮಾತು ಆಡಲಿಲ್ಲ. ಅಲ್ಲಿ ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಎರಡು ಮರಿ. ಮೊದಲನೆಯದರ ತಲೆ ದಾರಿಗಿಂತ ದೊಡ್ಡದು, ಸಿಕ್ಕಿಕೊಂಡು ಆಗಲೇ ಸತ್ತಿದೆ. ಆಪರೇಷನ್ ಮಾಡಿ ಎರಡನೆಯದನ್ನು ಉಳಿಸಿದರು, 90 ಗ್ರಾಂ. "ಗರ್ಭದ ಕೊನೇ ವಾರದಲ್ಲಿ ಒಂದು ಎಕ್ಸ್‌ರೇ ತೆಗೆಸಿದ್ದರೆ ಮೊದಲೇ ಗೊತ್ತಾಗ್ತಿತ್ತು ಯಜಮಾನ್ರೇ. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬರಲಿಲ್ಲ ಅಂದರೆ, ಇಲ್ಲಾ ಮರಿಗಿಂತ ಮುಂಚೆ ಹಸಿರು ನೀರು ಬಂದರೆ, ಆಗಲೇ ಹೊರಡಬೇಕು" ಅಂದರು. ಹೆರಿಗೆ ಇಂಜೆಕ್ಷನ್ ಯಾರೂ ಕೊಟ್ಟಿಲ್ಲ ತಾನೇ ಅಂತಲೂ ಕೇಳಿದರು. ಮರಿ ಸಿಕ್ಕಿಕೊಂಡಾಗ ಅದನ್ನು ಕೊಟ್ಟರೆ ಗರ್ಭಕೋಶವೇ ಹರಿಯಬಹುದಂತೆ. ದನದ ಮನೆಯಲ್ಲಿ ಇರುತ್ತದೆ ಅಂತ ಯಾರೂ ಚುಚ್ಚಬೇಡಿ.

ಅಲ್ಲಿಗೂ ಮುಗಿಯಲಿಲ್ಲ. ಹದಿನಾರನೇ ದಿನ ಪುಟ್ಟಿ ನಡುಗಲು ಶುರು ಮಾಡಿತು. ಏದುಸಿರು, ಕಾಲು ಸೆಟೆದು ಮರದ ಹಾಗೆ. ಹಸುವಿನ ಹಾಲುಜ್ವರ ನೋಡಿದ್ದೇನೆ, ಅದರಲ್ಲಿ ಹಸು ತಣ್ಣಗಾಗಿ ಕತ್ತು ತಿರುಗಿಸಿ ಮಲಗಿಬಿಡುತ್ತದೆ. ಇದು ಉಲ್ಟಾ, ಮೈ ಕೆಂಡ. ಆದರೆ ರೋಗ ಅದೇ, ಹಾಲಿಗೆ ಕ್ಯಾಲ್ಸಿಯಂ ಹೋಗಿ ರಕ್ತದಲ್ಲಿ ಖಾಲಿ. ಡಾಕ್ಟ್ರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಟ್ಟ ಮೇಲೆ ನಿಂತಿತು. "ಗಬ್ಬದಲ್ಲಿ ಕ್ಯಾಲ್ಸಿಯಂ ಕುಡಿಸಿದ್ರಾ?" ಅಂತ ಕೇಳಿದರು. ಹೌದು, ಒಳ್ಳೇದಾಗಲಿ ಅಂತ ದಿನಾ ಕೊಟ್ಟಿದ್ದೆ. ಅದೇ ತಪ್ಪಂತೆ. ಮೊದಲೇ ಹೊರಗಿಂದ ಸುರಿದರೆ ಮೈ ತನ್ನ ಮೂಳೆಯಿಂದ ತೆಗೆಯುವುದನ್ನು ಮರೆಯುತ್ತದೆ. ಕಟ್ಟು ನಿಲ್ಲಿಸಿದ ಗಬ್ಬದ ಹಸುವಿಗೂ ಇದೇ ಮಾತು ಹೇಳುತ್ತಾರೆ, ನೆನಪಿಡಿ.

ಮರಿಯನ್ನು ತಾಯಿಯಿಂದ ಬಿಡಿಸಿ ಸಿರಿಂಜಿನಲ್ಲಿ ಮರಿ ಹಾಲಿನ ಪುಡಿ ಕಲಸಿ ಕೊಟ್ಟೆವು. ಎರಡು ಗಂಟೆಗೊಮ್ಮೆ, ರಾತ್ರಿಯೂ. ಹೆಚ್ಚಿನ ಪಾಳಿ ಮನೆಯವಳದೇ.

ಒಂದು ತಿಂಗಳಾದಾಗ ಆ ಹುಡುಗ ಮತ್ತೆ ಬಂದ. "ಈಗಲೇ ಕೊಡಿ ಅಣ್ಣಾ. ಹಾಲು ಬಿಡಿಸಿ ಸ್ವಲ್ಪ ಕಮ್ಮಿ ತಿನ್ನಿಸಿದರೆ ಸಣ್ಣಗೇ ಉಳಿಯುತ್ತೆ. ಎರಡು ತಿಂಗಳ ಟೀ ಕಪ್ ಅಂತ ಹೋಗುತ್ತೆ." ಆಗ ನನಗೆ ಪುಟ್ಟಿ ಹೇಗೆ ಶೂ ಡಬ್ಬದೊಳಗೆ ಬಂತು ಅಂತ ಅರ್ಥವಾಯಿತು. ಅದೂ ಇಂಥದೇ ಒಂದು ಮನೆಯಿಂದ, ಹಸಿದುಕೊಂಡೇ ಬಂದಿರಬೇಕು. ಕೊಡುವುದಿಲ್ಲ ಅಂದೆ. ಗಂಡಿನ ಖರ್ಚು ಕೇಳಿದ, ಕೊಟ್ಟು ಕಳಿಸಿದೆ. 2017ರಿಂದ ಇದಕ್ಕೆ ಕೇಂದ್ರ ಸರ್ಕಾರದ ನಿಯಮ ಇದೆ. ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ಹೆಣ್ಣಿಗೆ 18 ತಿಂಗಳಾಗದೆ ಮರಿ ಹಾಕಿಸುವಂತಿಲ್ಲ. ನಾನೂ ಅದನ್ನು ಮುರಿದವನೇ.

ಲೆಕ್ಕ ಕೇಳಿದವರಿಗೆ ಲೆಕ್ಕ: ಆಪರೇಷನ್, ಎಕ್ಸ್‌ರೇ, ಕಾರು ಬಾಡಿಗೆ, ಔಷಧಿ, ಗಂಡಿನ ಖರ್ಚು ಎಲ್ಲ ಸೇರಿ 19,400. ಆದಾಯ ಸೊನ್ನೆ. ಮರಿಯನ್ನು ಮೂರು ತಿಂಗಳಾದ ಮೇಲೆ ಪೇಟೆಯ ಒಬ್ಬರು ರಿಟೈರ್ಡ್ ಮೇಷ್ಟ್ರಿಗೆ ಸುಮ್ಮನೆ ಕೊಟ್ಟೆವು. ಪುಟ್ಟಿಗೆ ಗರ್ಭಕೋಶ ತೆಗೆಸಿದೆ. ಮಗನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ, "ಅಪ್ಪ, ಕೇಳಿದ್ದರೆ ಕಂತಿಗೆ ನಾನೇ ಕಳಿಸ್ತಿದ್ದೆ" ಅಂದ. ಬೈದಿದ್ದರೇ ಚೆನ್ನಾಗಿತ್ತು.

ನಾವು ಬತ್ತದ ಬೀಜಕ್ಕೆ ತುಂಬಿದ ತೆನೆ ಆರಿಸುತ್ತೇವೆ. ನೀರಿಗೆ ಹಾಕಿ ತೇಲಿದ್ದನ್ನು ಎಸೆಯುತ್ತೇವೆ. ಈ ಟೀ ಕಪ್ ವ್ಯಾಪಾರದಲ್ಲಿ ತೇಲಿದ ಜೊಳ್ಳನ್ನೇ ಬೀಜಕ್ಕೆ ಇಡುತ್ತಾರೆ, ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲು ಯಾವುದೋ ಅದಕ್ಕೆ ಬೆಲೆ ಹೆಚ್ಚು. ನಮ್ಮ ಗಿಡ್ಡವೂ ಸಣ್ಣದೇ. ಆದರೆ ಅದನ್ನು ಸಣ್ಣ ಮಾಡಿದ್ದು ಈ ಮಳೆ, ಈ ಗುಡ್ಡ. ಬೇಣದಲ್ಲಿ ತಾನೇ ಕರು ಹಾಕಿ ಸಂಜೆ ಕರೆದುಕೊಂಡು ಬರುತ್ತದೆ. ಇದನ್ನು ಸಣ್ಣ ಮಾಡಿದ್ದು ನಮ್ಮ ಆಸೆ.

ಸಾಕಬೇಡಿ ಅನ್ನುವುದಿಲ್ಲ. ಬಂದ ಜೀವ ಬಂದಿದೆ, ಚೆನ್ನಾಗಿ ನೋಡಿಕೊಳ್ಳಿ. ಮನೆಯಲ್ಲಿ ಜೋನಿ ಬೆಲ್ಲ ಇರಲಿ, ಡಾಕ್ಟರ ನಂಬರ್ ಗೋಡೆ ಮೇಲೆ ಇರಲಿ. ನಾಯಿ ಬೇಕೇ ಬೇಕು ಅನ್ನುವವರಿಗೆ, ನಮ್ಮ ಕಾಳನ ಹಾಗಿನ ಮರಿಗಳು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಇವೆ. ದುಡ್ಡು ಕೊಡುವುದು ಬೇಡ, ಲಸಿಕೆ ಹಾಕಿಸಿ ಸಾಕು.

ಪುಟ್ಟಿ ಈಗ 1 ಕಿಲೋ 600 ಗ್ರಾಂ. ಇದನ್ನು ಬರೆಯುವಾಗ ಒಲೆ ಹತ್ತಿರ ಕಾಳನ ಹೊಟ್ಟೆಗೆ ಒರಗಿ ಮಲಗಿದೆ. ಮರಿ ಇಲ್ಲ, ಇನ್ನು ಇರುವುದೂ ಇಲ್ಲ.

ಮಳೆ ಒಂದು ದಿನ ಹೊಳವು ಕೊಟ್ಟರೆ ಎರಡನೇ ಬೋರ್ಡೋ. ಅದರ ಬಗ್ಗೆ ಕೇಳಿದ ಇಬ್ಬರಿಗೆ ಮುಂದಿನ ವಾರ ಬರೆಯುತ್ತೇನೆ.