ಎಳೆಗೆ ಎಳೆ ಕೊಂಡಿ

ನಮ್ಮ ಅತ್ತೆಯ ಇಳಕಲ್ ಸೀರೆಗೆ ನಲವತ್ತು ವರ್ಷ ದಾಟಿತ್ತು. ಮೈಯೆಲ್ಲ ಪಿಸಿದು ಹೋಗಿತ್ತು. ಕೌದಿಗಾದರೂ ಆದೀತೆಂದು ಹೆಂಡತಿ ಅದನ್ನು ಕತ್ತರಿಸಲು ಕೂತವಳು, ಮೈಗೂ ಸೆರಗಿಗೂ ಬೆಸೆದ ಗೆರೆ ಬಂದಲ್ಲಿ ಕತ್ತರಿ ಕೆಳಗಿಟ್ಟಳು. ಆ ಕಡೆ ಹತ್ತಿ, ಈ ಕಡೆ ಕೆಂಪು ರೇಷ್ಮೆ. ನಡುವೆ ಒಂದು ಎಳೆಯೂ ಬಿಟ್ಟಿರಲಿಲ್ಲ.

"ಅರಿವಿ ಹರದೈತ್ರಿ, ಕೊಂಡಿ ಹರದಿಲ್ಲ. ಇದನ್ನ ಹ್ಯಾಂಗ ಹಾಕ್ತಾರ ನೋಡಬೇಕ್ರಿ ನಾ," ಅಂದಳು.

ಇಪ್ಪತ್ತು ವರ್ಷದಿಂದ ಕಸೂತಿ ಹಾಕುವ ಕೈ ಅವಳದು. ನಾನು ಬಿಡುವಾದಾಗ ಪೆನ್ಸಿಲ್ ಹಿಡಿಯುವವನು. ಇಬ್ಬರೂ ಒಂದೊಂದು ಪುಸ್ತಕ, ಅವಳದೊಂದು ಸೂಜಿಡಬ್ಬಿ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಯಿಂದ ರೈಲು ಹತ್ತಿದೆವು. ಇಳಕಲ್ಲಿಗೆ ನೇರ ಹೋಗಬಹುದಿತ್ತು. ಆದರೆ ಬಾದಾಮಿಯಲ್ಲಿ ಇಳಿಯದೆ ಮುಂದೆ ಹೋಗಲು ನಮ್ಮಿಬ್ಬರಿಗೂ ಮನಸ್ಸು ಬರುವುದಿಲ್ಲ.

ಮೂರನೆಯ ಗುಹೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಗಳೇಶ 578ರಲ್ಲಿ ಕೊರೆಸಿ ಮುಗಿಸಿದ ಗುಹೆ ಅದು; ವರ್ಷ ಕಂಡರಿಸಿದ ಶಾಸನ ಅಲ್ಲೇ ಇದೆ. ಬಂದವರೆಲ್ಲ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಂಡು, ತಲೆಯ ಮೇಲೇನಿದೆ ಎಂದು ನೋಡದೆ ಇಳಿದು ಹೋಗುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಕಂಬಗಳ ಮದನಕೈಗಳಲ್ಲಿ ಗಂಡ ಹೆಂಡಿರ ಜೋಡಿಗಳಿವೆ. ಮರದ ಕೆಳಗೆ ನಿಂತು, ಒಬ್ಬರ ಭುಜದ ಮೇಲೆ ಇನ್ನೊಬ್ಬರು ಭಾರ ಬಿಟ್ಟು, ಏನೂ ಅವಸರವಿಲ್ಲದ ಹಾಗೆ ನಿಂತಿದ್ದಾರೆ. ರಾಜ್ಯ ಕಟ್ಟುವ ಗಡಿಬಿಡಿಯಲ್ಲಿದ್ದ ಅರಸು ಮನೆತನದ ಗುಡಿಯಲ್ಲಿ ಇಷ್ಟು ಸಮಾಧಾನದ ಮುಖಗಳನ್ನು ಕಡೆಯುವುದಕ್ಕೆ ಶಿಲ್ಪಿಗೆ ಬಿಡುವು ಕೊಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಸಂಜೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಭೂತನಾಥ ಗುಡಿಯ ಕಡೆ ಮುಖ ಮಾಡಿ ಕೂತೆವು. ಹಿಂದೆ ಬಟ್ಟೆ ಒಗೆಯುವ ಸಪ್ಪಳ. ನಾನು ಬಂಡೆಯ ಗೆರೆ ಎಳೆಯುತ್ತಿದ್ದೆ. ಅವಳು ಚೌಕಳಿ ಹಾಳೆಯ ಮೇಲೆ ಶಿಖರವನ್ನು ಮನೆ ಮನೆಯಾಗಿ ತುಂಬುತ್ತಿದ್ದಳು.

"ನೋಡ್ರಿ, ಕಸೂತ್ಯಾಗಿನ ಗೋಪುರಾ ಎಲ್ಲಿಂದ ಬಂತಂತ ಈಗ ತಿಳೀತು. ಹಂತಕ್ಕ ಎರಡೆರಡು ಎಳಿ ಒಳಗ ಹೋದ್ರ ಇದ ಆಗತೈತಿ."

ಒಂದು ತಾಸಿನಲ್ಲಿ ನಾವು ಆಡಿದ ಮಾತು ಇಷ್ಟೇ. ಜೊತೆಯಲ್ಲಿ ತಿರುಗುವುದರ ಸುಖ ನನಗೆ ಹೆಚ್ಚು ಸಿಕ್ಕಿದ್ದು ಇಂಥ ಹೊತ್ತಿನಲ್ಲಿ. ಒಬ್ಬೊಬ್ಬರೂ ತಮ್ಮ ಕೆಲಸದಲ್ಲಿ ಮುಳುಗಿರುತ್ತೇವೆ, ಪಕ್ಕದಲ್ಲಿ ಇನ್ನೊಬ್ಬರ ಉಸಿರು ಕೇಳುತ್ತಿರುತ್ತದೆ.

ಮರುದಿನ ಬನಶಂಕರಿ. ದರ್ಶನಕ್ಕಿಂತ ಊಟದ ನೆನಪು ನನಗೆ ಗಟ್ಟಿ. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳು ಕಂಡ ಕೂಡಲೇ "ಅಣ್ಣಾರ, ಅಕ್ಕಾರ, ಊಟಾ ಮಾಡ್ರಿ" ಎಂದು ಕರೆಯುತ್ತಾರೆ. ಕಟಕ್ ರೊಟ್ಟಿ, ಮಡಿಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಕೆಂಪು ಖಾರ, ಮೇಲೆ ಗಡಿಗೆಯ ಗಟ್ಟಿ ಮೊಸರು. ರೊಟ್ಟಿ ಮುರಿದರೆ ಹಪ್ಪಳದ ಸಪ್ಪಳ; ಮೊಸರು ತಾಗಿದ ತುದಿ ಮಾತ್ರ ಮೆತ್ತಗೆ. ನಮಗೆ ಬಡಿಸಿದ ತಾಯಿ ರೇಟು ಹೇಳುವ ಮೊದಲೇ ಎರಡನೆಯ ಸಲ ಪಲ್ಯ ಹಾಕಿದಳು. ಪಕ್ಕದಲ್ಲಿ ಕಾರಿನಿಂದ ಇಳಿದ ಒಬ್ಬರು ಉಂಡೆದ್ದ ಮೇಲೆ ಹತ್ತು ರೂಪಾಯಿಗೆ ಚೌಕಾಶಿ ಶುರುಮಾಡಿದರು. ನಸುಕಿನಲ್ಲೆದ್ದು ಬಡಿದ ರೊಟ್ಟಿ ಅದು! ನನ್ನವಳು ಅವರ ಕಡೆ ತಿರುಗಿ ನೇರವಾಗಿ ಹೇಳಿಯೇಬಿಟ್ಟಳು: "ಉಂಡ ಬಾಯಿಲೆ ಕಡಿಮಿ ಮಾಡಂತ ಕೇಳಬಾರದ್ರಿ." ಅವರು ಪೂರ್ತಿ ಕೊಟ್ಟು ಹೋದರು.

ಗುಳೇದಗುಡ್ಡದಲ್ಲಿ ಒಂದು ಖಣ, ಅಮೀನಗಡದಲ್ಲಿ ಕರದಂಟು, ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಒಂದು ಚಹಾ. ಐಹೊಳೆಯನ್ನು ಈ ಸಲ ಬಿಟ್ಟೆವು. ಅದಕ್ಕೇ ಎರಡು ದಿನ ಬೇಕು.

ಇಳಕಲ್ಲಿನಲ್ಲಿ ಮೊದಲು ಹೊಕ್ಕ ಅಂಗಡಿಯಲ್ಲಿ ಕೈಮಗ್ಗದ್ದೆಂದು ತೋರಿಸಿದ ಸೀರೆಯನ್ನು ಅವಳು ಹಿಂದುಮುಂದು ಮಾಡಿ ಸೆರಗಿನ ಬುಡ ನೋಡಿದಳು. ಕೊಂಡಿಯೇ ಇರಲಿಲ್ಲ. ಒಂದೇ ಹಾಸು, ಸೆರಗಿನಲ್ಲಿ ಬಣ್ಣವಷ್ಟೇ ಬೇರೆ. ಯಂತ್ರದ್ದನ್ನು ಯಂತ್ರದ್ದೆಂದು ಹೇಳಿ ಮಾರಲಿ, ಉಡುವವರು ಉಡುತ್ತಾರೆ. ಕೈಮಗ್ಗದ ಹೆಸರು ಹೇಳಿದರೆ ಕುಣಿಯಲ್ಲಿ ಕಾಲಿಟ್ಟು ದಿನವಿಡೀ ನೇಯುವವನ ಅನ್ನಕ್ಕೆ ಕೈ ಹಾಕಿದಂತೆ. ಏನೂ ಕೊಳ್ಳದೆ ಹೊರಬಂದೆವು.

ಒಳಗಿನ ಓಣಿಯೊಂದರಲ್ಲಿ ಲಾಳಿಯ ಸಪ್ಪಳ ಕೇಳಿ ಬಾಗಿಲಲ್ಲಿ ನಿಂತಾಗ "ಬರ್ರಿ, ಒಳಗ ಬರ್ರಿ" ಎಂದರು. ಯಜಮಾನರು ಕುಣಿಮಗ್ಗದಲ್ಲಿದ್ದರು. ಅವರ ತಾಯಿ ಕಿಟಕಿಯ ಬೆಳಕಿಗೆ ಕೂತು ನಾವು ಹುಡುಕಿ ಬಂದಿದ್ದ ಕೆಲಸವನ್ನೇ ಮಾಡುತ್ತಿದ್ದರು. ಸೆರಗಿನ ರೇಷ್ಮೆ ಹಾಸು ಒಂದು ಕಡೆ, ಮೈಯ ಹತ್ತಿ ಹಾಸು ಇನ್ನೊಂದು ಕಡೆ. ಈ ಎಳೆಯ ತುದಿಯ ಕುಣಿಕೆಯೊಳಗೆ ಆ ಎಳೆ. ಅದಾದ ಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಸೀರೆಯ ಅಗಲ ಮುಗಿಯುವ ತನಕ ಒಂದನ್ನೂ ಬಿಡುವಂತಿಲ್ಲ. ಹೀಗಾಗಿ ಪ್ರತಿ ಸೀರೆಗೂ ಹಾಸು ಬೇರೆಯೇ ಹೂಡಬೇಕು. ಹತ್ತು ಸೀರೆಯ ಹಾಸು ಒಟ್ಟಿಗೆ ಸುತ್ತಿಟ್ಟು ನೇಯುವ ಮಾತೇ ಇಲ್ಲ. ಅಜ್ಜಿಯ ಹೆಬ್ಬೆರಳ ತುದಿ ನುಣ್ಣಗೆ ಹೊಳೆಯುತ್ತಿತ್ತು. ಕಣ್ಣು ಎಳೆಯ ಮೇಲಿಲ್ಲದಿದ್ದರೂ ಬೆರಳು ತಪ್ಪುತ್ತಿರಲಿಲ್ಲ.

"ಗಂಟು ಹಾಕೂದಿಲ್ಲೇನವ್ವಾ?" ನನ್ನವಳು ಕೇಳಿದಳು.

"ಗಂಟು ಹಾಕಿದ್ರ ಮೈಗೆ ಚುಚ್ಚತೈತವ್ವಾ. ಕೊಂಡಿ ಆದ್ರ ಎರಡೂ ಒಂದಕ್ಕೊಂದು ಹಿಡಕೊಂಡಿರತಾವು."

ಇವಳು ಚೀಲದಿಂದ ತನ್ನ ಕಸೂತಿ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟಳು. ಅಜ್ಜಿ ಮೇಲೆ ನೋಡಲಿಲ್ಲ, ತಿರುವಿ ಹಿಂಭಾಗ ನೋಡಿದರು. ಗವಂತಿ, ಮುರ್ಗಿ ಎರಡರಲ್ಲೂ ಹಿಂದೆ ಮುಂದೆ ಒಂದೇ ಥರ, ಅಲ್ಲಿಯೂ ಗಂಟಿಲ್ಲ. ಬೆರಳಾಡಿಸಿ "ಛಲೋ ಕೈ ಐತಿ ನಿಂದು" ಎಂದರು. ಇವಳ ಕಣ್ಣು ತುಂಬಿತು. ಯಾವ ಬಹುಮಾನಕ್ಕೂ ಹಾಗಾದದ್ದನ್ನು ನಾನು ಕಂಡಿಲ್ಲ. ಆಮೇಲೆ ಅರ್ಧ ತಾಸು ಅಜ್ಜಿ ತನ್ನ ಪಕ್ಕದಲ್ಲಿ ಕೂಡಿಸಿಕೊಂಡು ಅವಳ ಕೈಯಿಂದ ಹನ್ನೆರಡು ಎಳೆ ಕೊಂಡಿ ಹಾಕಿಸಿದರು. ಮೂರು ಬಿಚ್ಚಿ ಮತ್ತೆ ಹಾಕಬೇಕಾಯಿತು. ನಾನು ಆ ನಾಲ್ಕು ಕೈಗಳನ್ನು ಬರೆದುಕೊಂಡೆ. ನನ್ನ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಇಲ್ಲ.

ಸೀರೆ ಅವರ ಮನೆಯಲ್ಲೇ ಕೊಂಡೆವು. ಕಪ್ಪು ಮೈ, ಕೆಂಪು ಸೆರಗಿನಲ್ಲಿ ಬಿಳಿ ತೆನೆಗಳು. ಅವರು ಹೇಳಿದ ಬೆಲೆಗೆ ಒಂದು ರೂಪಾಯಿ ಹೆಚ್ಚು ಕಡಿಮೆ ಮಾತಾಡಲಿಲ್ಲ.

ಬಾಗಲಕೋಟೆಯಲ್ಲಿ ರೈಲಿಗೆ ಎರಡು ತಾಸಿತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿ ಓಣಿಗಳೇ ಮುಳುಗಿ, ಜನ ನವನಗರಕ್ಕೆ ಹೋಗಿ ನೆಲೆಸಿದ ಊರು. ನೀರಿನ ಅಂಚಿಗೆ ನಿಂತು ನೋಡಿದೆವು. ಇವಳು ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡಿದ್ದಳು.

ರೈಲು ಹೊರಟು ಬಾದಾಮಿ ದಾಟುವಷ್ಟರಲ್ಲಿ ಸೆರಗು ತೊಡೆಯ ಮೇಲೆ ಹರಡಿ ಸೂಜಿಗೆ ದಾರ ಪೋಣಿಸಿದಳು. ಭೂತನಾಥದ ಗೋಪುರ ಅಲ್ಲೇ ಶುರುವಾಗಬೇಕಿತ್ತು.

"ಗಾಡಿ ಅಲಗಾಡತೈತ್ರಿ, ನನಗ ಲೆಕ್ಕ ತಪ್ಪತೈತಿ. ನೀವು ಎಣಸ್ರಿ."

ಹೊಳೆಆಲೂರಿನ ಹತ್ತಿರ ಮಲಪ್ರಭೆಯ ಸೇತುವೆ ಬರುವವರೆಗೂ ನಾನು ಎಣಿಸಿದೆ, ಅವಳು ಸೂಜಿ ಚುಚ್ಚಿದಳು. ಎರಡು ಹಂತ ಮುಗಿದಿದ್ದವು.